ಆಡು ಸೀನಿದ್ದೂ ಒಂದು ಅಧ್ಯಾಯ

ಮಾನ್ಯ ಎಡಿಟರ್ ಮಹಾಶಯರೇ,

ಯಲಬುರ್ಗಾ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರ ಐದನೇ ತರಗತಿಯ ಶಿಕ್ಷಕಿ ಅನ್ನಪೂರ್ಣ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಆನ್‌ಲೈನ್ ಪಾಠಗಳನ್ನು ಅಂದಗೊಳಿಸುವ ಕಂಪ್ಯೂಟರ್ ಯಂತ್ರವಾದ ತಾವು ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾವು ಕರೆಂಟು ಇದ್ದಾಗಲೆಲ್ಲ ಕ್ಷೇಮ.

ತಮ್ಮ ಶಿಸ್ತನ್ನು ಎಷ್ಟು ಹೊಗಳಿದರೂ ಕಡಿಮೆ. ನನ್ನ ತರಗತಿಯ ಹೊಳಿಯಮ್ಮನಿಗೆ ದೃಷ್ಟಿ ಮಂದ. ಕನ್ನಡಕ ಹಾಕಿದರೂ ಹೆಬ್ಬೆರಳಿನಷ್ಟು ದೊಡ್ಡ ಅಕ್ಷರವೇ ಬೇಕು, ಅದು ಸಿಕ್ಕರೆ ಒಂದೂ ತಪ್ಪಿಲ್ಲದೆ ಓದುತ್ತಾಳೆ. ಅವಳಿಗಾಗಿಯೇ ‘ಸಣ್ಣವ್ವನ ಆಡು’ ಎಂಬ ಇಪ್ಪತ್ತೊಂದು ವಾಕ್ಯದ ಪಾಠ ಬರೆದು, ಅಕ್ಷರ ಹಿಗ್ಗಿಸಿ, ಸೇವ್ ಒತ್ತಿದೆ. ತಾವು ಕುಗ್ಗಿಸಿದಿರಿ. ನಾಲ್ಕು ಸಲ ಹಿಗ್ಗಿಸಿದೆ; ನಾಲ್ಕು ಸಲವೂ ಬೇಸರಪಡದೆ ಕುಗ್ಗಿಸಿದಿರಿ. ಇಷ್ಟು ತಾಳ್ಮೆ ನಮ್ಮಲ್ಲಿ ಯಾವ ಮೇಷ್ಟ್ರಿಗೂ ಇಲ್ಲ. ಪರದೆಗೆ ಮೂಗು ತಾಗಿಸಿದ ಹೊಳಿಯಮ್ಮ, “ಟೀಚರ್, ಇರಿವಿ ಸಾಲು ಹೊಂಟಂಗ ಕಾಣತೈತ್ರಿ” ಎಂದಳು.

ತಾವು ದೊಡ್ಡಕ್ಷರ ದಯಪಾಲಿಸುವುದು ಶೀರ್ಷಿಕೆಗೆ ಮಾತ್ರ ಎಂಬುದು ಆಮೇಲೆ ತಿಳಿಯಿತು. ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಸೋದರಮಾವನ ಹೆಸರು ಸಣ್ಣಕ್ಷರದಲ್ಲಿ ಬಂದರೆ ಅವನು ಅಕ್ಷತೆಗೇ ಬರುವುದಿಲ್ಲವಾದ್ದರಿಂದ, ಇದ್ದಬದ್ದ ಬೀಗರನ್ನೆಲ್ಲ ದಪ್ಪಕ್ಷರದಲ್ಲೇ ಹಾಕಿಸುತ್ತೇವೆ. ಅದೇ ರೂಢಿಯಂತೆ ಇಪ್ಪತ್ತೊಂದು ವಾಕ್ಯಕ್ಕೂ ಶೀರ್ಷಿಕೆಯ ಪಟ್ಟ ಕಟ್ಟಿದೆ. ತಾವು ಉದಾರವಾಗಿ ಪರಿವಿಡಿ ತಯಾರಿಸಿ, ‘ಅಧ್ಯಾಯ ಒಂಬತ್ತು: ಆಡು ಸೀನಿತು’ ಎಂದೆಲ್ಲ ಪಟ್ಟಿ ಮಾಡಿ, ಕೊನೆಗೆ ಕೆಂಪಕ್ಷರದಲ್ಲಿ ‘ಪಾಠದಲ್ಲಿ ವಿಷಯವಿಲ್ಲ’ ಎಂದು ಷರಾ ಬರೆದಿರಿ. ಸಣ್ಣವ್ವ ಇದನ್ನು ಕೇಳಿದ್ದರೆ ಆಡಿನ ಸಮೇತ ತಮ್ಮ ಕಚೇರಿಗೆ ಬರುತ್ತಿದ್ದಳು.

ವಿಧಿಯಿಲ್ಲದೆ ಸಣ್ಣಕ್ಷರದ ಪಾಠವನ್ನೇ ಕೊಟ್ಟೆ. ಪಾಠದ ಕೊನೆಯ ಪ್ರಶ್ನೆಗಳಲ್ಲಿ ಒಂದಕ್ಕೂ ಹೊಳಿಯಮ್ಮ ಉತ್ತರಿಸಲಿಲ್ಲ, ತಾವು ಅವಳ ಹೆಸರಿನ ಮುಂದೆ ‘ಓದಲು ಬಾರದು’ ಎಂದು ದಾಖಲಿಸಿದಿರಿ. ನಮ್ಮ ಮುಖ್ಯಗುರು ಕನಕಪ್ಪನವರು, “ಎಡಿಟರ್ ಹೇಳಿದ ಮ್ಯಾಲ ಮುಗೀತ್ರಿ ಟೀಚರ್. ಸೋಮವಾರದಿಂದ ಆಕೀನ್ನ ಒಂದನೇ ಕ್ಲಾಸಿನವ್ರ ಜೋಡಿ ಕುಂದರಸ್ರಿ” ಎಂದರು. ಹುಡುಗಿ ಪಾಟಿಚೀಲ ಎತ್ತಿಕೊಂಡಳು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಸೀಮೆಸುಣ್ಣ ತೆಗೆದುಕೊಂಡು ವರಾಂಡದ ಕಲ್ಲುಹಾಸಿನ ಮೇಲೆ ಇಡೀ ಪಾಠವನ್ನು ಈ ತುದಿಯಿಂದ ಆ ತುದಿಯವರೆಗೆ ಬರೆದೆ. ಹೊಳಿಯಮ್ಮ ಬಗ್ಗಿಕೊಂಡು, ಒಂದೊಂದೇ ಹೆಜ್ಜೆಯಿಡುತ್ತ, ಎಲ್ಲರಿಗೂ ಕೇಳುವಂತೆ ಓದಿ ಮುಗಿಸಿದಳು. ಅಕ್ಷರ ಅಳಿಸೀತೆಂದು ಕನಕಪ್ಪನವರು ಗೋಡೆಗೆ ಅಂಟಿಕೊಂಡು ನಡೆದರು. ಆದರೆ ತಮ್ಮ ದಾಖಲೆ ತಿದ್ದುವ ಅಧಿಕಾರ ಅವರಿಗಿಲ್ಲವಂತೆ.

ಆದ್ದರಿಂದ ತಾವು ದಯಮಾಡಿ ಸೋಮವಾರದೊಳಗೆ ಯಲಬುರ್ಗಾ ಬಸ್ಸಿನಲ್ಲಿ ಬಂದು, ಚಪ್ಪಲಿ ಹೊರಗೆ ಬಿಟ್ಟು, ನಮ್ಮ ವರಾಂಡವನ್ನು ಕಣ್ಣಾರೆ ನೋಡಬೇಕು. ಬರಲಾಗದಿದ್ದರೆ ಅಷ್ಟೇ ಉದ್ದದ ಪರದೆಯೊಂದನ್ನು ಪಾರ್ಸಲ್ ಮಾಡಬೇಕು. ಎರಡೂ ಕಷ್ಟವಾದರೆ, ಹೊಳಿಯಮ್ಮನ ಹೆಸರಿನ ಮುಂದಿನ ಆ ಒಂದು ಷರಾ ಅಳಿಸಿದರೂ ಸಾಕು.

ನಾಲ್ಕು ಸಲ ಕುಗ್ಗಿಯೂ ಉಳಿದಿರುವ
ತಮ್ಮ ವಿಶ್ವಾಸಿ,
ಅನ್ನಪೂರ್ಣ

ತಾ.ಕ.: ದೊಡ್ಡಕ್ಷರದಲ್ಲಿ ಬರೆದದ್ದರಿಂದ ಈ ಪತ್ರ ಹದಿನೇಳು ಹಾಳೆ ಹಿಡಿದಿದೆ. ಮೊದಲು ಓದಿದವಳು ಹೊಳಿಯಮ್ಮ. ಓದಿ ಮುಗಿಸಿ, “ಟೀಚರ್, ಅವ್ರಿಗೆ ಓದಾಕ ಬರ್ತೈತೇನ್ರಿ?” ಎಂದು ಕೇಳಿದಳು. ಗೊತ್ತಿಲ್ಲವೆಂದೆ. ಉತ್ತರ ಬರುವವರೆಗೆ ಇರಲೆಂದು ತನ್ನ ಪಾಟಿಯಲ್ಲಿ ತಮ್ಮ ಹೆಸರಿನ ಮುಂದೆ ‘ಓದಲು ಬಾರದು’ ಎಂದು ಬರೆದುಕೊಂಡಿದ್ದಾಳೆ.