ಮಣೆ ಬಿಟ್ಟ ಅಯ್ಯನವರು

ಪೌರೋಹಿತ್ಯ ಮಾಡುವ ಅಯ್ಯನವರಿಗೆ ರಿಟೈರ್‌ಮೆಂಟ್ ಎಂಬುದಿಲ್ಲ. ನಾಲಿಗೆ ಹೊರಳುವವರೆಗೆ ಮಂತ್ರ, ಮೊಣಕಾಲು ಮಡಚುವವರೆಗೆ ಮಣೆ. ಹುಲ್ಲಹಳ್ಳಿ ಸುತ್ತಮುತ್ತ ಇದೇ ವಾಡಿಕೆ. ಆದರೆ ಶಿವನಂಜಯ್ಯನವರು ದಿನಾ ಪೇಪರು ಓದುವವರು. ಜವಾನನಿಂದ ಜಡ್ಜಿಯವರೆಗೆ ಎಲ್ಲರಿಗೂ ನಿವೃತ್ತಿ ಇರುವ ದೇಶದಲ್ಲಿ ತಮಗೊಬ್ಬರಿಗೆ ಏಕಿಲ್ಲ ಎಂದು ಚಿಂತಿಸಿ, ಯಾರೂ ಕೊಡುವ ಲಕ್ಷಣ ಕಾಣದಾಗ ತಾವೇ ತೆಗೆದುಕೊಂಡರು. ಮದುವೆ, ಗೃಹಪ್ರವೇಶ, ಶಿವಗಣಾರಾಧನೆಗಳನ್ನೆಲ್ಲ ಸೈಕಲ್ ಸಮೇತ ಮಗ ಸೋಮಶೇಖರನಿಗೆ ವಹಿಸಿ, "ಇನ್ನು ಮೇಲೆ ನನಗೆ ಪ್ರವಾಸ, ಗ್ರಂಥಾವಲೋಕನ, ದೇಶದ ವಿದ್ಯಮಾನ" ಎಂದು ಪಡಸಾಲೆಯಲ್ಲಿ ಘೋಷಿಸಿದರು.

"ಸಂಸಾರ ಇದರಲ್ಲಿ ಯಾವುದರೊಳಗೆ ಬತ್ತದೆ?" ಎಂದರು ಹೆಂಡತಿ ಮಲ್ಲಾಜಮ್ಮ.

"ಅದಕ್ಕೆ ಹೊರಗಿನಿಂದ ಬೆಂಬಲ ಕೊಡ್ತೀನಿ ಕಣೇ." (ದಿಲ್ಲಿಯಲ್ಲಿ ಆಗ ಸರ್ಕಾರಗಳು ಹೊರಗಿನ ಬೆಂಬಲದಲ್ಲೇ ಉಸಿರಾಡುತ್ತಿದ್ದವು, ಉಸಿರು ಬಿಡುತ್ತಲೂ ಇದ್ದವು.)

"ಹಂಗಾದ್ರೆ ಊಟಾನೂ ಹೊರಗೇ ಮಾಡ್ಕಳಿ" ಎಂದು ಮಲ್ಲಾಜಮ್ಮ ಒಳಗೆ ಹೋದರು. ಅಯ್ಯನವರ ಬೆಂಬಲ ಆ ರಾತ್ರಿಯೇ ಒಳಗಿನದಾಯಿತು.

ಆದರೆ ಮಗಳು ಮಧುಶ್ರೀಯ ಮದುವೆ ವಿಷಯದಲ್ಲಿ ಅವರ ಬೆಂಬಲ ಬಲು ದುಬಾರಿ ಬೀಳುತ್ತಿತ್ತು. ಮೊದಲು ಬಂದ ಸಂಬಂಧದವರನ್ನು ಸಮ್ಮಿಶ್ರ ಸರ್ಕಾರದ ಹಣೆಬರಹ ವಿವರಿಸುತ್ತಾ ಕೂರಿಸಿಕೊಂಡು ಕೊನೇ ಬಸ್ಸು ತಪ್ಪಿಸಿದರು. ಆ ಜನ ಮತ್ತೆ ಇತ್ತ ತಲೆ ಹಾಕಲಿಲ್ಲ. ಈಗ ಮಧ್ಯಸ್ಥರೊಬ್ಬರು ಟಿ. ನರಸೀಪುರದ ಹೈಸ್ಕೂಲ್ ಮೇಷ್ಟ್ರೊಬ್ಬರ ಸಂಬಂಧ ತಂದಿದ್ದರು. ಫೋಟೋ ನೋಡಿದ ಮಧುಶ್ರೀ, ಯಾವತ್ತೂ ಬಾಯಿ ಬಿಡದವಳು, "ಇದು ಆಗಬಹುದಮ್ಮ" ಎಂದಿದ್ದಳು. ಇದೊಂದು ಕೂಡಿ ಬಂದರೆ ಸಾಕು ಎಂದು ಮಲ್ಲಾಜಮ್ಮ ನಂಜುಂಡೇಶ್ವರನಿಗೆ ಹರಕೆ ಹೊತ್ತಿದ್ದರು. ಗಂಡಿನ ಮನೆ ನೋಡಲು ಹೋಗುವುದು ಸೋಮವಾರಕ್ಕೆ ಗೊತ್ತಾಯಿತು.

"ನೋಡ್ರೀ, ಅಲ್ಲಿ ದಿಲ್ಲಿ ವಿಷ್ಯ ಎತ್ತಬ್ಯಾಡಿ. ಎಣ್ಣಿನ ಅಪ್ಪ ಎಂಗಿರಬೇಕೋ ಅಂಗಿರಿ."

"ಎಣ್ಣಿನ ಅಪ್ಪ ಅಲ್ಲದೆ ಇನ್ನೇನು ನಾನು?" ಎಂದರು ಅಯ್ಯನವರು, ಮನಸ್ಸಿಗೆ ನೋವಾಗಿ.

ಮಲ್ಲಾಜಮ್ಮ ತಮ್ಮ ನಂಜೇಶನ ಜೊತೆ ಹಿಂದಿನ ಬಸ್ಸಿಗೆ ಬರುವುದೆಂದಾಯಿತು. ಅಯ್ಯನವರು ಮುಂಚೆಯೇ ಹೊರಟರು. ನಂಜನಗೂಡಿನಲ್ಲಿ ಇಳಿದು, ಕೆಲಸವಿಲ್ಲದೆ ಒಂದು ಸುತ್ತು ತಿರುಗಿ, ಕಾಫಿ ಕುಡಿದು, ಅಲ್ಲಿಂದ ಅವರನ್ನು ಕೂಡಿಕೊಳ್ಳುವುದು. ಅದು ಅವರ ಪ್ರವಾಸ. ಆದರೆ ಬಸ್ಸಿನಲ್ಲಿ ಪೇಪರು ಬಿಡಿಸಿದ್ದೇ ತಪ್ಪಾಯಿತು. ವಿಶ್ವಾಸಮತದ ಸುದ್ದಿ ಮುಗಿಸಿ ತಲೆಯೆತ್ತಿದಾಗ ನಂಜನಗೂಡು ಹಿಂದಾಗಿ ಬಹಳ ಹೊತ್ತಾಗಿತ್ತು. ಮುಂದೆ ಕಂಡದ್ದು ನರಸೀಪುರದ ಹೊಳೆ. ಪ್ರವಾಸ ಎಲ್ಲಿ ಆಯಿತು ಎಂದು ಅವರಿಗೇ ತಿಳಿಯಲಿಲ್ಲ.

ವಿಳಾಸ ಕೇಳುತ್ತಾ ಹೋಗಿ ಗಂಡಿನ ಮನೆ ಬಾಗಿಲಲ್ಲಿ ನಿಂತರು. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಕಾವಿ ಶಲ್ಯ, ಕಂಕುಳಲ್ಲಿ ಚೀಲ. (ಕೆಲಸ ಬಿಟ್ಟಿದ್ದರು, ವೇಷ ಬಿಟ್ಟಿರಲಿಲ್ಲ.) ಗಂಡಿನ ತಂದೆ ಸಿದ್ದಮಲ್ಲಪ್ಪನವರು ಓಡಿಬಂದು ಕೈಮುಗಿದರು.

"ಬನ್ನಿ ಬುದ್ಧಿ, ನಿಮ್ಮುನ್ನೇ ಕಾಯ್ತಿದ್ದೋ."

ಅವರು ಕಾಯುತ್ತಿದ್ದದ್ದು ಜಾತಕ ನೋಡಲು ಬರಬೇಕಿದ್ದ ಮೂಗೂರಿನ ಅಯ್ಯನವರನ್ನು. ಅವರ ಮುಖವನ್ನು ಯಾರೂ ಕಂಡಿರಲಿಲ್ಲ. ಶಿವನಂಜಯ್ಯನವರಿಗೆ ಇದೇನು ಗೊತ್ತು? ಮನೆಯಾಕೆ ತಂಬಿಗೆ, ತಟ್ಟೆ ತಂದರೆ ಕಾಲು ತಾವಾಗಿಯೇ ತಟ್ಟೆಯೊಳಗೆ ಹೋದವು. ಬೀಗರು ಎಷ್ಟು ವಿನಯವಂತರು, ನಮ್ಮ ಮಧು ಪುಣ್ಯ ಮಾಡಿದ್ದಳು ಎಂದು ಅವರ ಕಣ್ಣು ತುಂಬಿತು. ಪಾದ ತೊಳೆದು, ಹೂವಿಟ್ಟು, ಮಣೆ ಹಾಕಿದರು. ಅಯ್ಯನವರು ಕೂತರು.

ಕೆಟ್ಟದ್ದು ಅಲ್ಲೇ. ಮಣೆ ಮೇಲೆ ಕೂತ ಶಿವನಂಜಯ್ಯನವರಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ಯಾವ ಊರಿಗೆ ಏಕೆ ಬಂದೆ ಎಂಬುದೂ ಇಲ್ಲ. ಬೆನ್ನು ನೆಟ್ಟಗಾಗುತ್ತದೆ, ಕಣ್ಣು ಅರ್ಧ ಮುಚ್ಚುತ್ತದೆ, ಕೇಳಿದ್ದಕ್ಕೆ ಉತ್ತರ ಹೊರಡುತ್ತದೆ. ಒಂದು ಆಯುಷ್ಯದ ಅಭ್ಯಾಸ ಆರು ತಿಂಗಳ ಪೇಪರಿಗೆ ಹೋಗುವಂಥದ್ದಲ್ಲ.

"ನಮ್ಮುಡುಗಂದು ಅಸ್ತ ನಕ್ಷತ್ರ ಬುದ್ಧಿ. ಎರಡು ಕಡೆ ಎಣ್ಣು ಬಂದವೆ. ಒಂದು ಅಶ್ವಿನಿ, ಒಂದು ಸ್ವಾತಿ. ಯಾವುದು ಕೂಡ್ತದೆ ಯೋಳಿ" ಎಂದರು ಸಿದ್ದಮಲ್ಲಪ್ಪ.

ಅಶ್ವಿನಿ ಎಂದಾಗ ಎಲ್ಲೋ ಕೇಳಿದಂತಾಯಿತು. ಸೀಮೆಯ ಹುಡುಗಿಯರ ನಕ್ಷತ್ರವೆಲ್ಲ ಬಾಯಿಪಾಠವಿದ್ದ ಅಯ್ಯನವರು ಮನೆಯವರದ್ದನ್ನು ಮಾತ್ರ ಹೆಂಡತಿಗೆ ಬಿಟ್ಟಿದ್ದರು.

"ಅಶ್ವಿನಿ ಬ್ಯಾಡ. ಯೋನಿ ಲೆಕ್ಕದಲ್ಲಿ ಅದು ಕುದುರೆ, ಹಸ್ತ ಎಮ್ಮೆ. ಒಂದೇ ಗೊಂತಿಗೆ ಕಟ್ಟಿದ್ರೆ ಎರಡೂ ಹುಲ್ಲು ಮುಟ್ಟಲ್ಲ. ನಾಡೀನೂ ಒಂದೇ, ಅದೂ ದೋಷವೇ. ಸ್ವಾತಿ ಅಂದ್ರೆ ಅದೂ ಎಮ್ಮೆ. ಎಮ್ಮೆಗೆ ಎಮ್ಮೆ, ಸೊಗಸಾಗಿರ್ತವೆ."

"ಅಶ್ವಿನಿ ಉಡುಗಿ ಫೋಟೋದಲ್ಲಿ ಲಕ್ಷಣವಾಗವಳೆ" ಎಂದು ಮನೆಯಾಕೆ ರಾಗ ಎಳೆದರು. "ಅವರ ಕಡೆಯೋರು ಈಗ ಬತ್ತಾವ್ರೆ ಬೇರೆ. ಏನಾರ ಪರಿಹಾರ ಇದ್ರೆ..."

"ತಾಯಿ, ಪರಿಹಾರ ಅನ್ನೋದು ದಕ್ಷಿಣೆ ಆಸೆಗೆ ಯೋಳೋ ಮಾತು. ಆ ಜನದ ಮೇಲೆ ದಾಕ್ಷಿಣ್ಯ ಬ್ಯಾಡ. ದಿಲ್ಲೀಲೂ ಇಂಗೇ, ಕೂಡದವರನ್ನ ಕೂಡಿಸಿ..."

ದಿಲ್ಲಿಯ ಸರ್ಕಾರ ಅವರ ಬಾಯಲ್ಲಿ ಬೀಳುವ ಮೊದಲೇ ಬಾಗಿಲಲ್ಲಿ ಮಲ್ಲಾಜಮ್ಮ ಕಾಣಿಸಿಕೊಂಡರು, ಹಿಂದೆ ಹಣ್ಣಿನ ಚೀಲ ಹಿಡಿದ ನಂಜೇಶ. ಅಯ್ಯನವರು ಹೆಂಡತಿಯನ್ನು ನೋಡಿದರು. ಅಶ್ವಿನಿ ಯಾರೆಂದು ಆಗ ನೆನಪಾಯಿತು.

ಸಿದ್ದಮಲ್ಲಪ್ಪ ಒಳ್ಳೆಯ ಮನುಷ್ಯ; ಮುಚ್ಚುಮರೆಯಿಲ್ಲದೆ ಕೈಮುಗಿದು ಹೇಳಿಬಿಟ್ಟರು. "ಅಮ್ಮಾವ್ರೆ, ತಪ್ಪು ತಿಳೀಬ್ಯಾಡಿ. ಜಾತಕ ಕೂಡಲ್ಲ ಅಂತ ಬುದ್ಧಿಯೋರು ಈಗ ತಾನೆ ಅಂದ್ರು. ಅಗೋ, ಇನ್ನೂ ಇಲ್ಲೇ ಕೂತವ್ರೆ. ಅವರು ಎದ್ದೋದ್ಮೇಲೆ ನೀವು ಬಂದಿದ್ರೆ ನಮ್ಮ ಮಾತು ನೀವು ನಂಬ್ತಿರಲಿಲ್ಲ. ಅಂದಂಗೆ, ನಿಮ್ಮ ಯಜಮಾನ್ರು ಬರಲಿಲ್ವಾ?"

ನಂಜೇಶ ಬಾಯಿ ತೆರೆದ. ಮಲ್ಲಾಜಮ್ಮ ಅವನ ಕಾಲು ತುಳಿದರು.

"ನಮಗಿಂತ ಮುಂಚೆ ಹೊರಟ್ರು. ಎಲ್ಲೋದ್ರೋ ಕಾಣೆ" ಎಂದರು, ಮಣೆಯ ಕಡೆಯೇ ನೋಡುತ್ತಾ.

"ಒಂದ್ ನಿಮಿಷ" ಎಂದರು ಅಯ್ಯನವರು. "ಮತ್ತೊಂದ್ಸಲ ಗುಣಿಸಿದರೆ ಅಶ್ವಿನಿಗೂ ಏನಾರ ಪರಿಹಾರ..."

"ಬ್ಯಾಡಿ ಬುದ್ಧಿ" ಎಂದರು ಸಿದ್ದಮಲ್ಲಪ್ಪ ಭಕ್ತಿಯಿಂದ. "ಬಂದೋರ ಮುಖ ನೋಡಿ ಮನಸ್ಸು ಕರಗಿಸ್ಕಬ್ಯಾಡಿ. ನಿಮ್ಮಂಥ ನಿಷ್ಠುರ ಮನುಷ್ಯರನ್ನ ನಾವು ಕಂಡಿರಲಿಲ್ಲ."

ಮಲ್ಲಾಜಮ್ಮ ಸೆರಗು ಹೊದ್ದು ಮುಂದೆ ಬಂದು ಮಣೆಯ ಮುಂದೆ ಅಡ್ಡಬಿದ್ದರು. ಮದುವೆಯಾದಾಗಿನಿಂದ ಅವರು ಇಷ್ಟು ಮರ್ಯಾದೆಯಿಂದ ಗಂಡನಿಗೆ ನಮಸ್ಕರಿಸಿರಲಿಲ್ಲ.

"ಬುದ್ಧಿ, ನಮ್ಮ ಮಗೀಗೆ ಅಪ್ಪ ಅನ್ನೋರು ಇದ್ದೂ ಇಲ್ಲ. ನೀವೇ ಎಲ್ಲಾದ್ರೂ ಒಂದು ಗಂಡು ನೋಡ್ಕೊಡಿ."

ಅಷ್ಟೆಂದು ಎದ್ದು, ತಮ್ಮನನ್ನು ಕರೆದುಕೊಂಡು ನಡೆದೇಬಿಟ್ಟರು. ಮನೆಗೆ ಹೋಗಿ ಮಗಳ ಮುಖ ಹೇಗೆ ನೋಡುವುದು ಎಂದು ಅಯ್ಯನವರಿಗೆ ಅಳು ಬಂದಂತಾಯಿತು. ಹಿಂದೆಯೇ ಓಡಬೇಕೆಂದು ಒಂದು ಮಂಡಿ ಎತ್ತಿದರು. ಅಷ್ಟರಲ್ಲಿ ಸಿದ್ದಮಲ್ಲಪ್ಪ ಗೋಡೆಯ ಕ್ಯಾಲೆಂಡರನ್ನೇ ಕಿತ್ತು ತಂದು ಮುಂದೆ ಹರಡಿದರು.

"ಸ್ವಾತಿಯೋರಿಗೆ ಮಾತು ಕೊಟ್ಬುಡ್ತೀವಿ. ಮದುವೇನೂ ನೀವೇ ಬಂದು ನಡೆಸ್ಕೊಡಬೇಕು. ಒಳ್ಳೇ ದಿನ ಯಾವಾಗೈತೆ ಬುದ್ಧಿ?"

ಅಯ್ಯನವರು ಬಾಗಿಲ ಕಡೆ ನೋಡಿದರು. ಹೆಂಡತಿಯ ಸೀರೆಯ ಅಂಚು ತಿರುವಿನಲ್ಲಿ ಮರೆಯಾಗುತ್ತಿತ್ತು. ಬಾಯಿ ಮಾತ್ರ ಆಗಲೇ ಲಗ್ನ ಹೇಳತೊಡಗಿತ್ತು.