ಮರಿಯನ್ನು ಮೀಯಿಸಿದ ಮಂಗಳವಾರ

ಮಳೆಗಾಲ ಮುಗಿದು, ಚಳಿ ಒಳಗೆ ಬರಲೋ ಬೇಡವೋ ಎಂದು ಬಾಗಿಲಲ್ಲೇ ನಿಂತಿದ್ದ ಕಾಲ. ಹಾಲಿನವನು ಬಂದು ಹೋಗಿದ್ದ, ಬಿಸಿಲು ಮಾತ್ರ ಇನ್ನೂ ಹಿತ್ತಲ ಗೋಡೆಯಿಂದ ಇಳಿದಿರಲಿಲ್ಲ. ಆ ಹೊತ್ತಿನಲ್ಲಿ ಗಾಡಿಯಣ್ಣ ಒಂದು ಕೈಯಲ್ಲಿ ಬಕೆಟ್, ಇನ್ನೊಂದು ಕೈಯಲ್ಲಿ ಸೋಪು ಹಿಡಿದು ಹಿತ್ತಲಿಗೆ ಬಂದ. ಅವನನ್ನು ಕಂಡದ್ದೇ ತಡ, ಮರಿ ಕಿವಿ ಹಿಂದಕ್ಕೆ ಮಲಗಿಸಿ, ಮೂಗು ಅರಳಿಸಿ, ಹಗ್ಗ ಎಷ್ಟು ಬಿಡುತ್ತದೋ ಅಷ್ಟು ದೂರ ಸರಿದು ನಿಂತಿತು.

"ಇನ್ನೂ ಒಂದು ಹನಿ ಬಿದ್ದಿಲ್ಲ, ಆಗಲೇ ಶುರು ಮಾಡ್ತು ನೋಡು," ಎಂದು ಗಾಡಿಯಣ್ಣ ಹಲ್ಲು ಕಡಿದ.

ಮರಿ ಎಂದರೆ ಮರಿಯೇನಲ್ಲ, ಮೂರು ವರ್ಷದ ಕುದುರೆ. ಹುಟ್ಟಿದ ದಿನ ಕರೆದ ಹೆಸರು ಹಾಗೇ ಉಳಿದುಕೊಂಡಿತ್ತು. ಗಾಡಿಗೆ ಹೂಡಿದರೆ ಚೆನ್ನಾಗಿಯೇ ಎಳೆಯುತ್ತಿತ್ತು. ಆದರೆ ಗುಣ ಬಹಳ ಪುಕ್ಕಲು. ಹಾರಿ ಬಂದ ಕಾಗದದ ಚೂರಿಗೂ ದಾರಿ ಬಿಟ್ಟುಕೊಡುವಂಥದ್ದು. ಅದರ ತಾಯಿ, ಮುದುಕಿ ಎಂಬ ಹಳೆಯ ಕುದುರೆ, ಅದೇ ಹಿತ್ತಲ ಮೂಲೆಯಲ್ಲಿ ಹುಲ್ಲು ಮೆಲ್ಲುತ್ತಾ ಕಾಲ ಕಳೆಯುತ್ತಿತ್ತು. ಮುದುಕಿಯ ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದು ಹೋಗುವ ದಾರಿಯಲ್ಲಿತ್ತು.

ಊರಿಗೆ ಆಟೋಗಳು ಬಂದ ಮೇಲೆ ಗಾಡಿ ಹತ್ತುವವರೇ ಇರಲಿಲ್ಲ. ಗಾಡಿಯಣ್ಣ ಮೂರು ತಿಂಗಳಿಂದ ನಿಲ್ದಾಣದ ಎದುರು ಸುಮ್ಮನೆ ನಿಂತು ಬರುತ್ತಿದ್ದ. ಅಂಥದ್ದರಲ್ಲಿ ಕೆರೆ ದಂಡೆಯ ದೊಡ್ಡ ಹೋಟೆಲಿನ ಮ್ಯಾನೇಜರು ತಾವಾಗಿಯೇ ಬಂದು ಗಾಡಿ ನೋಡಿದ್ದರು. "ಅತಿಥಿಗಳನ್ನ ಕೆರೆ ಸುತ್ತ ತಿರುಗಿಸೋಕೆ ಗಾಡಿ ಬೇಕು. ಗಾಡಿ ಪರವಾಗಿಲ್ಲ. ಕುದುರೆ ಮಾತ್ರ ಕೆಸರುಮುದ್ದೆ. ನಮ್ಮ ಅತಿಥಿಗಳು ಗಾಡಿ ಹತ್ತೋಕೆ ಮುಂಚೆ ಕುದುರೆ ಹಣೆ ಸವರ್ತಾರಪ್ಪ. ಮಂಗಳವಾರ ಸಂಜೆ ಬರ್ತೀನಿ, ತೊಳೆದು ನಿಲ್ಲಿಸಿರು. ಬುಧವಾರದಿಂದಲೇ ಕೆಲಸ," ಎಂದು ಹೇಳಿ ಹೋಗಿದ್ದರು.

ಆ ಮಂಗಳವಾರ ಇದೇ.

ಗಾಡಿಯಣ್ಣನದು ಶೀತದ ಮೈ. ಅಂಗೈ ಒದ್ದೆಯಾದರೆ ಮೂಗು ಸೋರುತ್ತಿತ್ತು. ಅದಕ್ಕೇ ನೀರಿನ ಕೆಲಸಕ್ಕೆಂದು ಅವನು ಒಂದು ರಬ್ಬರ್ ಕೋಟು ಇಟ್ಟುಕೊಂಡಿದ್ದ. ಕಪ್ಪನೆಯದು, ಮೊಣಕಾಲಿಗೂ ಕೆಳಗೆ ಇಳಿಯುವಂಥದ್ದು, ದೊಡ್ಡ ಹಿತ್ತಾಳೆ ಗುಂಡಿಗಳದು, ನಡೆದರೆ ಚರಚರ ಸದ್ದು ಮಾಡುವಂಥದ್ದು. ಪಕ್ಕದ ಮನೆಯ ದನದ ಡಾಕ್ಟರು ನಿವೃತ್ತರಾದಾಗ ಪ್ರೀತಿಯಿಂದ ಕೊಟ್ಟದ್ದು. ಈ ದಿನವೂ ಅದನ್ನು ತೊಟ್ಟು, ಗಂಟಲವರೆಗೂ ಗುಂಡಿ ಬಿಗಿದುಕೊಂಡೇ ಬಂದಿದ್ದ.

"ಬಾ ಕಂದ, ಬಾ ರಾಜ," ಎನ್ನುತ್ತಾ ಹತ್ತಿರ ಹೋಗಿ ಒಂದು ಚೊಂಬು ನೀರು ಎತ್ತಿದ. ಮರಿ ಎರಡು ಕಾಲಿನ ಮೇಲೆ ಎದ್ದು ನಿಂತಿತು. ಚೊಂಬು ಮುದುಕಿಯ ಬೆನ್ನಿಗೆ ಬಡಿಯಿತು, ಬಕೆಟ್ ಗಾಡಿಯಣ್ಣನ ಕಾಲಿಗೆ ಉರುಳಿತು. ಮುದುಕಿ ಬಾಲ ಕೂಡ ಅಲ್ಲಾಡಿಸದೆ ಹುಲ್ಲು ಮೆಲ್ಲುತ್ತಲೇ ಇತ್ತು.

"ಭಾವ, ನೀರು ಕುದುರೆ ಮೇಲೆ ಹಾಕ್ಬೇಕು," ಎಂದಿತು ಗೋಡೆಯ ಮೇಲಿಂದ ಒಂದು ದನಿ.

ಹೆಂಡತಿಯ ತಮ್ಮ. ಅಕ್ಕನ ಮನೆಗೆ ನಾಲ್ಕು ದಿನ ಇದ್ದು ಹೋಗೋಣವೆಂದು ಬಂದು ನಾಲ್ಕು ವರ್ಷವಾಗಿತ್ತು. ತಿಂಡಿ ತಿಂದು ಹಿತ್ತಲ ಗೋಡೆ ಹತ್ತಿ ಕುಳಿತನೆಂದರೆ ಊಟಕ್ಕೇ ಇಳಿಯುವುದು. ಬೀದಿಯವರು ಅವನನ್ನು ಗೋಡೆ ದೊರೆ ಎಂದೇ ಕರೆಯುತ್ತಿದ್ದರು.

"ಬಾಯಿ ಮುಚ್ಕೊಂಡು ಇಳಿದು ಬಂದು ಹಗ್ಗ ಹಿಡಿಯೋ."

"ಹಗ್ಗ ಹಿಡಿದ್ರೆ ಅದಕ್ಕೆ ಭಯ ಜಾಸ್ತಿ ಆಗುತ್ತೆ ಭಾವ. ನಾನು ಇಲ್ಲಿಂದಲೇ ಧೈರ್ಯ ಹೇಳ್ತೀನಿ."

ಗಲಾಟೆ ಕೇಳಿ ಕಟಿಂಗ್ ಶಾಪಿನವನು ಹೆಗಲ ಮೇಲೆ ಟವೆಲ್ ಇದ್ದಂತೆಯೇ ಬಂದ. ಅವನ ಹಿಂದೆ ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡ ಗಿರಾಕಿಯೊಬ್ಬ. "ಗಾಡಿಯಣ್ಣ, ತಣ್ಣೀರು ಹಾಕಿದ್ರೆ ಯಾರು ತಾನೆ ನಿಲ್ತಾರೆ? ಬಿಸಿನೀರು, ಮೊದಲು ಕಿವಿ ಹಿಂದೆ, ಆಮೇಲೆ ಕತ್ತು. ಮೂವತ್ತು ವರ್ಷದಲ್ಲಿ ನನ್ನ ಕುರ್ಚಿಯಿಂದ ಒಬ್ಬರೂ ಎದ್ದು ಓಡಿಲ್ಲ."

"ನಾನು ಎದ್ದು ಬಂದಿದ್ದೀನಲ್ಲ," ಎಂದ ನೊರೆಮುಖದವನು.

ಹೆಂಡತಿ ಬಿಸಿನೀರು ಕಾಯಿಸಿ ತಂದಳು. ಗಾಡಿಯಣ್ಣ ಚರಚರ ಹೆಜ್ಜೆ ಹಾಕುತ್ತಾ ಕಿವಿಯ ಹಿಂದಕ್ಕೆ ಕೈ ಹಾಕಿದ. ಮರಿ ಒಂದೇ ಎಳೆತಕ್ಕೆ ಗೂಟ ಕಿತ್ತುಕೊಂಡು ಹಿತ್ತಲ ತುಂಬ ಸುತ್ತತೊಡಗಿತು. ಮೂರನೆಯ ಸುತ್ತಿಗೆ ಬೇಲಿಯಾಚೆಯ ಸಂಗೀತದ ಟೀಚರಮ್ಮ ಒಣಗಲು ಹಾಕಿದ್ದ ಬಟ್ಟೆಯ ಹಗ್ಗ ಅದರ ಕೊರಳಿಗೆ ಬಂತು. ಟೀಚರಮ್ಮನ ಹೊದಿಕೆ, ಎರಡು ದಿಂಬಿನ ಚೀಲ, ಒಂದು ಸ್ವೆಟರು ಎಲ್ಲವೂ ಮೆರವಣಿಗೆ ಹೊರಟವು.

"ಅಯ್ಯೋ ನನ್ನ ಸ್ವೆಟರ್!" ಎಂದು ಟೀಚರಮ್ಮ ಓಡಿ ಬಂದರು. ಸ್ವೆಟರು ಸಿಕ್ಕಿತು, ಒಂದು ತೋಳು ಮಾತ್ರ ಮೊದಲಿನ ಎರಡರಷ್ಟು ಉದ್ದವಾಗಿತ್ತು. ಬೈಯುವವರೇ ಇದ್ದರು. ಆದರೆ ನಡುಗುತ್ತಾ ನಿಂತಿದ್ದ ಮರಿಯ ಕಣ್ಣು ನೋಡಿ ಮನಸ್ಸು ಕರಗಿತು. "ಅದಕ್ಕೆ ಬೇಕಾಗಿರೋದು ನೀರಲ್ಲ, ಸಮಾಧಾನ. ನೀವು ಸ್ವಲ್ಪ ದೂರ ನಿಂತ್ಕೊಳ್ಳಿ. ನಾನು ಹಾಡ್ತೀನಿ."

ಹಾಡಿದರು. ಗಾಡಿಯಣ್ಣ ದೂರ ನಿಂತಿರುವವರೆಗೂ ಮರಿ ಕಿವಿ ನಿಮಿರಿಸಿ ಕೇಳಿತು, ತಲೆಯನ್ನೂ ತೂಗಿತು. ಎಲ್ಲರೂ ಭೇಷ್ ಎಂದರು. ಗಾಡಿಯಣ್ಣ ಚೊಂಬು ಹಿಡಿದು ಒಂದು ಹೆಜ್ಜೆ ಮುಂದಿಟ್ಟ, ಅಷ್ಟೇ. ಟೀಚರಮ್ಮನ ಆಲಾಪ ಮೇಲಕ್ಕೆ ಹೋದಂತೆ ಮರಿಯೂ ಮೇಲಕ್ಕೆ ಹೋಯಿತು.

"ನೀವು ತಾಳ ತಪ್ಪಿ ಕಾಲಿಟ್ರಿ," ಎಂದರು ಟೀಚರಮ್ಮ.

ಹೆಂಡತಿ ತಲೆಯ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕುಳಿತಿದ್ದಳು. "ಅಲ್ಲಾ ರೀ, ಮಳೇಲಿ ಇದೇ ಹಿತ್ತಲಲ್ಲಿ ಕಣ್ಮುಚ್ಕೊಂಡು ನೆನೀತಾ ನಿಂತಿರುತ್ತೆ. ಅದು ನೀರಿಗೆ ಹೆದರುತ್ತಾ? ಬೇರೆ ಏನೋ ಇದೆ."

"ಮಳೆ ಬಂದಾಗ ನಾನು ಒಳಗಿರ್ತೀನಿ, ಅದು ಏನು ಮಾಡುತ್ತೋ ನನಗೇನು ಗೊತ್ತು? ನೀನು ಸುಮ್ನೆ ಇನ್ನೊಂದು ಬಕೆಟ್ ತಾ."

ಮಧ್ಯಾಹ್ನದ ನಿದ್ದೆ ಮುಗಿಸಿದ ದನದ ಡಾಕ್ಟರು ಕಿಟಕಿಯಲ್ಲಿ ಕಾಣಿಸಿಕೊಂಡರು. ಇಡೀ ಊರಿನ ದನ, ಕುದುರೆ, ಮೇಕೆಗಳಿಗೆ ಸೂಜಿ ಚುಚ್ಚಿದ ಕೈ. ಮರಿ ಹಾಲು ಕುಡಿಯುವ ಕಾಲಕ್ಕೆ ಹೊಟ್ಟೆ ಉಬ್ಬರಿಸಿ ಸಾಯುವಂತಾದಾಗ, ಒಂದು ವಾರ ದಿನಾ ಬಂದು, ಮೂಗಿನಲ್ಲಿ ಕೊಳವೆ ಇಳಿಸಿ ಉಳಿಸಿದವರೂ ಅವರೇ. ಹಾಗಾಗಿ ಅವರ ಮಾತೆಂದರೆ ಗಾಡಿಯಣ್ಣನಿಗೆ ಕಡೆಯ ಮಾತು.

"ಏನಯ್ಯಾ, ಬೆಳಿಗ್ಗೆಯಿಂದ ಕುದುರೆ ತೊಳೀತಿದ್ದೀಯೋ, ಹಿತ್ತಲು ತೊಳೀತಿದ್ದೀಯೋ?"

"ನೀವೇ ಒಂದು ದಾರಿ ಹೇಳಿ ಡಾಕ್ಟ್ರೇ. ಮ್ಯಾನೇಜರು ಬರೋ ಹೊತ್ತಾಯ್ತು."

"ನೀನು ಹೆದರ್ತಿದ್ದೀಯ, ಅದಕ್ಕೇ ಅದೂ ಹೆದರುತ್ತೆ. ಎದುರಿಗೆ ಹೋಗಿ ನೆಟ್ಟಗೆ ನಿಂತ್ಕೋ. ಕೈ ಅಗಲಿಸು. ಯಜಮಾನ ಯಾರು ಅಂತ ತಿಳೀಲಿ. ಕಾಲರು ಎತ್ತಿ ಕಟ್ಕೊಳಯ್ಯಾ, ಶೀತ ಆದೀತು."

ಗಾಡಿಯಣ್ಣ ಕಾಲರು ಎತ್ತಿ ಕಟ್ಟಿದ. ಕೋಟಿನ ಎರಡೂ ತೋಳು ಅಗಲಿಸಿ, ರೆಕ್ಕೆ ಬಿಚ್ಚಿದ ದೊಡ್ಡ ಬಾವಲಿಯಂತೆ ಮರಿಯ ಎದುರು ನಿಂತ.

ಮರಿಯ ಕಾಲು ನಾಲ್ಕೂ ನಾಲ್ಕು ದಿಕ್ಕಿಗೆ ಹೋದವು. ಹಿಂದೆ ಸರಿಯುತ್ತಾ ಸರಿಯುತ್ತಾ ಅಡುಗೆಮನೆಯ ಹಿಂಬಾಗಿಲಿಗೆ ಬಂದು, ಹಿಂಭಾಗವನ್ನು ಒಳಕ್ಕೆ ತೂರಿಸಿತು. ಒಳಗೆ ಪಾತ್ರೆಗಳು ಉರುಳಿದ ಸದ್ದು ಬಹಳ ಹೊತ್ತು ಕೇಳಿಸಿತು.

"ಈಗ ಅರ್ಧ ಕುದುರೆ ಒಳಗಿದೆ," ಎಂದು ಗೋಡೆ ದೊರೆ ವರದಿ ಒಪ್ಪಿಸಿದ. "ಒಳಗಿನ ಅರ್ಧಾನ ಅಕ್ಕ ತೊಳೀಲಿ, ಹೊರಗಿನ ಅರ್ಧಾನ ಭಾವ."

ಗಾಡಿಯಣ್ಣ ಸೋಪು ತೆಗೆದು ಗೋಡೆಯ ಕಡೆ ಎಸೆದ. ಅದು ಗುರಿ ತಪ್ಪಿತು. ಎಸೆದ ರಭಸಕ್ಕೆ ಅವನ ಕಾಲು ನೊರೆಯಲ್ಲಿ ಜಾರಿ, ದೊಪ್ಪನೆ ಬಿದ್ದು, ಅಲ್ಲಿಂದ ಹುಲ್ಲಿನ ಬಣವೆಯವರೆಗೂ ಕೂತಂತೆಯೇ ಸಾಗಿದ. ಕೋಟಿನೊಳಗೆ ನೀರು ತುಂಬಿ ಏಳಲಿಕ್ಕೂ ಆಗಲಿಲ್ಲ. ಅಲ್ಲಿಗೆ ಅವನ ತಾಳ್ಮೆಯ ಕಟ್ಟೆ ಒಡೆಯಿತು. ಗುಂಡಿಗಳನ್ನು ಕಿತ್ತುಹಾಕುವಂತೆ ಬಿಚ್ಚಿ, ಕೋಟನ್ನು ಮುದ್ದೆ ಮಾಡಿ ಬಣವೆಯ ಆಚೆಗೆ ಬಿಸಾಡಿದ.

"ಸಾಕು! ಯಾವ ಕೆಲಸಾನೂ ಬೇಡ, ಯಾವ ಹೋಟೆಲೂ ಬೇಡ. ಶೀತ ಆಗೋದಾದ್ರೆ ಆಗಲಿ. ನೀನು ಸ್ನಾನ ಮಾಡಲ್ವಾ? ಬೇಡ ಬಿಡು, ನಾನೇ ಮಾಡ್ತೀನಿ!" ಎಂದು ಬನಿಯನ್ನಿನಲ್ಲೇ ಕಲ್ಲಿನ ಮೇಲೆ ಕುಳಿತು, ಉಳಿದಿದ್ದ ಬಕೆಟ್ ನೀರನ್ನು ತಲೆಯ ಮೇಲೆ ಸುರಿದುಕೊಂಡ.

ಅಡುಗೆಮನೆಯಿಂದ ಮರಿ ಮೆಲ್ಲಗೆ ಹೊರಗೆ ಬಂತು. ನಾಲ್ಕು ಹೆಜ್ಜೆ ನಡೆಯಿತು. ಗಾಡಿಯಣ್ಣನ ಒದ್ದೆ ತಲೆಯನ್ನು ಮೂಸಿತು. ಬಕೆಟ್ಟಿನೊಳಕ್ಕೆ ಮುಖ ಹಾಕಿ ನೋಡಿತು. ಗಾಡಿಯಣ್ಣ ಉಸಿರು ಬಿಗಿಹಿಡಿದು ಒಂದು ಚೊಂಬು ನೀರನ್ನು ಅದರ ಹೆಗಲ ಮೇಲೆ ಬಿಟ್ಟ. ಮರಿ ಕಣ್ಣು ಅರೆಮುಚ್ಚಿ, ಕೆಳತುಟಿ ಜೋಲುಬಿಟ್ಟು, ನೆಂಟರ ಮನೆಯಲ್ಲಿ ಎಣ್ಣೆ ತಿಕ್ಕಿಸಿಕೊಳ್ಳುವ ಮಾವನಂತೆ ನಿಂತಿತು.

"ಬಿಸಿನೀರು! ನಾನು ಹೇಳಿರ್ಲಿಲ್ವಾ?" ಎಂದ ಕಟಿಂಗ್ ಶಾಪಿನವನು.

"ಹಾಡಿನ ಪರಿಣಾಮ ನಿಧಾನವಾಗಿ ಆಗೋದು," ಎಂದರು ಟೀಚರಮ್ಮ.

"ಯಜಮಾನ ಯಾರು ಅಂತ ಗೊತ್ತಾಯ್ತು," ಎಂದರು ಡಾಕ್ಟರು.

ಎಲ್ಲರೂ ಬಕೆಟ್ ಎತ್ತಿದರು. ನೊರೆಮುಖದವನೂ ಒಂದು ಕೈ ಹಾಕಿದ. ಬಿಸಿಲು ಇಳಿಯುವ ಹೊತ್ತಿಗೆ ಕೆಸರಿನ ಒಳಗಿಂದ ತಾಮ್ರದ ಬಣ್ಣದ, ಹಣೆಯಲ್ಲಿ ಬಿಳಿ ಚುಕ್ಕೆಯ, ಹೊಸ ಪಾತ್ರೆಯಂತೆ ಥಳಥಳಿಸುವ ಕುದುರೆಯೊಂದು ಹೊರಬಂತು. ಹೆಂಡತಿ ಸೆರಗಿನಲ್ಲಿ ಅದರ ಮುಖ ಒರೆಸಿ ನೆಟಿಕೆ ಮುರಿದಳು.

ಮ್ಯಾನೇಜರು ಸರಿಯಾಗಿ ಆಗಲೇ ಬಂದರು. ಕಂಕುಳಲ್ಲಿ ಒಂದು ಕಟ್ಟು. ಮರಿಯ ಸುತ್ತ ಒಂದು ಸುತ್ತು ಬಂದರು, ಬಿಳಿ ಕರವಸ್ತ್ರ ತೆಗೆದು ಬೆನ್ನಿಗೆ ಉಜ್ಜಿ ನೋಡಿದರು. ಕರವಸ್ತ್ರ ಬೆಳ್ಳಗೇ ಇತ್ತು. ಹಣೆ ಸವರಿದರು. ಮರಿ ಅವರ ಭುಜಕ್ಕೆ ಗದ್ದ ಊರಿತು.

"ಭೇಷ್ ಕಣಯ್ಯಾ! ಇಂಥ ಸಾಧು ಪ್ರಾಣಿ ನಾನು ನೋಡಿಲ್ಲ. ಮುಗೀತು, ಕೆಲಸ ನಿಂದೇ. ನಾಳೆ ಬೆಳಿಗ್ಗೆ ಬಂದುಬಿಡು."

ಗಾಡಿಯಣ್ಣ ಹೆಂಡತಿಯ ಕಡೆ ನೋಡಿದ. ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು.

"ಒಂದು ಮಾತು," ಎನ್ನುತ್ತಾ ಮ್ಯಾನೇಜರು ಕಟ್ಟು ಬಿಚ್ಚಿದರು. "ಕೆರೆ ಗಾಳಿ, ಯಾವಾಗ ನೋಡಿದ್ರೂ ತುಂತುರು. ನಮ್ಮಲ್ಲಿ ಗಾಡಿ ಹೊಡೆಯೋರು ಇದನ್ನ ಹಾಕ್ಕೊಳ್ಳೇಬೇಕು. ಹೋಟೆಲಿನ ನಿಯಮ." ಎರಡೂ ಕೈಯಲ್ಲಿ ಹಿಡಿದು ಕೊಡವಿ ಎತ್ತಿದರು.

ಕಪ್ಪು ರಬ್ಬರ್ ಕೋಟು. ಮೊಣಕಾಲಿಗೂ ಕೆಳಗೆ ಇಳಿಯುವಂಥದ್ದು. ದೊಡ್ಡ ಹಿತ್ತಾಳೆ ಗುಂಡಿಗಳು. ಚರ್ ಎಂದಿತು.

ಮರಿ ಕಾಲಿಗೆ ಬುದ್ಧಿ ಹೇಳಿತು. ಟೀಚರಮ್ಮನ ಬೇಲಿ ಹಾರಿ, ಕಟಿಂಗ್ ಶಾಪಿನ ಮುಂದಿನ ಬೆಂಚು ದಾಟಿ, ಬೀದಿಯ ಕೊನೆಯಲ್ಲಿ ಒಂದು ತಾಮ್ರದ ಮಿಂಚಾಗಿ ಮಾಯವಾಯಿತು.

ಎಲ್ಲರೂ ಬೆಪ್ಪಾಗಿ ನಿಂತರು. ಕಿಟಕಿಯಲ್ಲಿ ಡಾಕ್ಟರು ಮಾತ್ರ ಹಳೆಯದೇನೋ ನೆನಪಾದಂತೆ ನಿಧಾನವಾಗಿ ತಲೆಯಾಡಿಸಿದರು. "ಹೌದಲ್ಲ! ನಾನು ಆ ಕೋಟು ಹಾಕ್ಕೊಂಡು ಹೋದ್ರೆ ಊರಿನ ಒಂದು ಪ್ರಾಣೀನೂ ನಿಲ್ತಿರ್ಲಿಲ್ಲ ಕಣಯ್ಯಾ. ಸೂಜಿ ಬಂತು ಅಂತ ದೂರದಿಂದಲೇ ಗೊತ್ತಾಗೋದು ಅವಕ್ಕೆ. ಅದಕ್ಕೇ ಅದನ್ನ ನಿನಗೆ ಕೊಟ್ಟುಬಿಟ್ಟೆ."

ಗಾಡಿಯಣ್ಣ ಅವರಿಗೆ ಏನು ಹೇಳಬೇಕೆಂದಿದ್ದನೋ, ಹೇಳಲಿಕ್ಕೆ ಸಮಯವಿರಲಿಲ್ಲ. ಒದ್ದೆ ಬನಿಯನ್ನಿನಲ್ಲೇ ಓಡಿದ. ಕುಂಬಾರನ ಮಣ್ಣಿನ ಗುಂಡಿಯಲ್ಲಿ ಮರಿ ಸಿಕ್ಕಿತು. ನಾಲ್ಕೂ ಕಾಲು ಮೇಲೆ ಮಾಡಿ, ಒದ್ದೆ ಮೈಯನ್ನು ಜೇಡಿಮಣ್ಣಿನಲ್ಲಿ ಚೆನ್ನಾಗಿ ಹೊರಳಾಡಿಸುತ್ತಿತ್ತು. ಅದನ್ನು ಎಬ್ಬಿಸಿ, ರಮಿಸಿ, ಸೀನುತ್ತಾ ಸೀನುತ್ತಾ ಮನೆಗೆ ಕರೆತರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು.

ಹಿತ್ತಲಲ್ಲಿ ಮ್ಯಾನೇಜರು ಇರಲಿಲ್ಲ. ಗೋಡೆಯ ಮೇಲೆ ಭಾವಮೈದನೂ ಇರಲಿಲ್ಲ. ನಾಲ್ಕು ವರ್ಷದಲ್ಲಿ ಮೊದಲ ಸಲ ಅವನು ಊಟಕ್ಕೆ ಮುಂಚೆ ಕೆಳಗಿಳಿದಿದ್ದ. ಕಪ್ಪು ಕೋಟು ತೊಟ್ಟು, ಗುಂಡಿ ಹಾಕಿಕೊಂಡು, ಮುದುಕಿಯ ಪಕ್ಕದಲ್ಲಿ ನಿಂತಿದ್ದ. ಮುದುಕಿ ಕಾಣದ ಕಣ್ಣಿನಲ್ಲಿ ಸಮಾಧಾನವಾಗಿ ಕೋಟಿನ ತೋಳು ಅಗಿಯುತ್ತಿತ್ತು. ಬೆಳಗ್ಗೆಯಿಂದ ಗುರಿ ತಪ್ಪಿದ ನೀರೆಲ್ಲ ಅದರ ಮೇಲೆ ಬಿದ್ದು, ಅದೂ ತಕ್ಕಮಟ್ಟಿಗೆ ಬೆಳ್ಳಗಾಗಿತ್ತು.

"ಭಾವ, ಮ್ಯಾನೇಜರಿಗೆ ಬಹಳ ಅವಸರ. ಕೋಟಿಗೆ ಹೆದರದ ಕುದುರೆ ಇದೆಯಾ ಅಂದ್ರು, ತೋರಿಸ್ದೆ. ಹೊಡೆಯೋರು ಎಲ್ಲಿ ಅಂದ್ರು. ನೀವಿರ್ಲಿಲ್ಲ. ಬಂದ ಕೆಲಸ ಕೈ ತಪ್ಪಬಾರದು ಅಂತ ನಾನೇ ಒಪ್ಕೊಂಡೆ."

"ಮೈಗಳ್ಳ! ಗಾಡಿ ನಂದು, ಕುದುರೆ ನಂದು!"

"ನಿಮ್ಮದೇ ಭಾವ, ಇಲ್ಲ ಅಂದೋರು ಯಾರು? ನಿಮಗೂ ಕೆಲಸ ಇದೆ. ಮುದುಕೀನ ದಿನಾ ಬೆಳಿಗ್ಗೆ ತೊಳೆದು ಕಳಿಸ್ಬೇಕಂತೆ. ಕುದುರೆ ತೊಳೆಯೋದ್ರಲ್ಲಿ ನಮ್ಮ ಭಾವನ್ನ ಬಿಟ್ರೆ ಈ ಊರಲ್ಲಿ ಇನ್ನೊಬ್ಬರಿಲ್ಲ ಅಂತ ಹೇಳಿ ಕಳಿಸಿದ್ದೀನಿ."

ಗಾಡಿಯಣ್ಣ ಹೆಂಡತಿಯ ಮುಖ ನೋಡಿದ. "ಹೋಗ್ಲಿ ಬಿಡಿ," ಎಂದಳು ಅವಳು. "ಅವನು ಗೋಡೆಯಿಂದ ಇಳಿದದ್ದೇ ದೊಡ್ಡದು."

ಮಾರನೆಯ ದಿನ ಗಾಡಿಯಣ್ಣ ಸೀನುತ್ತಲೇ ಮುದುಕಿಯನ್ನು ತೊಳೆದು ಗಾಡಿಗೆ ಹೂಡಿಕೊಟ್ಟ. ಕೋಟು ಬೀದಿ ತಿರುಗಿ ಮರೆಯಾಗುವವರೆಗೂ ಮರಿ ಅವನ ಬೆನ್ನಿಗೆ ಮುಖ ಒತ್ತಿ ಅಡಗಿತ್ತು. ಆಮೇಲೆ ಹೊರಬಂದು, ಒಣಗಿದ ಜೇಡಿಮಣ್ಣನ್ನು ಮೈಯಿಂದ ಉದುರಿಸುತ್ತಾ, ಖಾಲಿ ಬಕೆಟ್ಟನ್ನು ಮೂತಿಯಿಂದ ಉರುಳಿಸಿಕೊಂಡು ಅವನ ಕಾಲಬುಡಕ್ಕೆ ತಂದು ನಿಲ್ಲಿಸಿ, ಕಣ್ಣು ಅರೆಮುಚ್ಚಿ ಕಾದು ನಿಂತಿತು.

ಹೀಗೆ ಆ ಮನೆಯಿಂದ ಹೋಟೆಲಿನ ಕೆಲಸಕ್ಕೆ ಹೊರಟುಹೋದವರು ಗೋಡೆ ದೊರೆ ಮತ್ತು ಮುದುಕಿ. ಹೋದದ್ದು ಬುಧವಾರ ಬೆಳಗ್ಗೆ.