ಎಡ್ವಿನ್ ಅಂಕಲ್ ಮುಚ್ಚಿಸಿದ ಕಿಟಕಿ

"ಅಮ್ಮ, ಎಡ್ವಿನ್ ಅಂಕಲ್ ಬೆಳಿಗ್ಗೆ ಕಿಟಕಿ ಮಾಡಿಸಿ ಸಂಜೆ ಯಾಕೆ ಮುಚ್ಚಿಸಿದ್ರು?"

ಮಗ ಮರ್ವಿನ್‌ನ ಈ ಪ್ರಶ್ನೆಯನ್ನು ಶರೊನ್ ಮೇಸ್ತ್ರಿಗೆ ದಾಟಿಸಿದಳು. ಗೋಡೆ ಒಡೆದು, ಚೌಕಟ್ಟು ಕೂರಿಸಿ, ಅದೇ ಕೈಯಲ್ಲಿ ಕೆಂಪುಕಲ್ಲು ಇಟ್ಟು ಮುಚ್ಚಿದ ಬಾಸಿತ್ ಮೇಸ್ತ್ರಿ ಅಂಕಲ್‌ರ ಕಡೆಗೆ ಕೈ ತೋರಿಸಿದ.

ಕಾವೂರಿನಲ್ಲಿ ನೆರೆಯ ಅಂಕಲ್‌ರ ಈ ಹೊಸ ಮನೆಯಿಂದ ಇನ್ನೂ ಪೈಂಟಿನ ವಾಸನೆ ಹೋಗಿಲ್ಲ. ಆದರೆ ಅಂಕಲ್ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ, ನಾಲ್ಕು ನೂರು ವರ್ಷ ಹಳೆಯ ರೈತರ ಮನೆಯಲ್ಲಿ, ಒಬ್ಬ ಮುದುಕರ ಆರೈಕೆ ಮಾಡಿ ಬಂದವರು. ಅಲ್ಲಿ ಅಜ್ಜ ಇಡಿಸಿದ ಕಿಟಕಿಯನ್ನು ಮೊಮ್ಮಗ ಮುಚ್ಚಿಸಿದ್ದ. ಯಾವಳೋ ಸೊಸೆ ದನದ ಕೊಟ್ಟಿಗೆಯನ್ನು ಅಡುಗೆಮನೆ ಮಾಡಿದ್ದಳು. ತೊಲೆಗಳು ಎಷ್ಟು ತಗ್ಗೆಂದರೆ ಅಂಕಲ್‌ರ ಹಣೆಯ ಕಲೆಯೂ ಐತಿಹಾಸಿಕ. ಬಟ್ಟೆ ಒಣಗಿಸುವಾಗೆಲ್ಲ ಕಂಪೌಂಡಿನಾಚೆಯಿಂದ ಇದನ್ನೇ ಕೇಳಿ ಕೇಳಿ, ಶರೊನ್ ಆ ಮನೆಯಲ್ಲಿ ಕಣ್ಣು ಮುಚ್ಚಿಕೊಂಡು ನಡೆಯಬಲ್ಲಳು. (ತಲೆ ಬಗ್ಗಿಸಿಕೊಂಡು.)

"ನಮ್ಮ ಕಂಕನಾಡಿಯ ಹಂಚಿನ ಮನೆ ಕೆಡವಿ ಫ್ಲಾಟ್ ಆಯ್ತಲ್ಲ," ಎಂದಿದ್ದರು ಒಮ್ಮೆ. "ಈ ಹೊಸ ಗೋಡೆಗಳಿಗೆ ನೆನಪು ಮಾಡಿಕೊಳ್ಳಲಿಕ್ಕೆ ಎಂತದೂ ಇಲ್ಲ, ಶರೊನ್."

ಅಲ್ಲಿಯ ತಲೆಮಾರುಗಳು ಮಾಡಿದ್ದನ್ನೆಲ್ಲ ಅಂಕಲ್ ಇಲ್ಲಿ ಒಂದೊಂದಾಗಿ ಮಾಡಿಸುತ್ತಿದ್ದಾರೆಂದು ಹೊಳೆದ ಮೇಲೆ ಅವಳಿಗೆ ನಗಲು ಮನಸ್ಸಾಗಲಿಲ್ಲ. ಹಾಗೆಂದು ಸುಮ್ಮನಿರಲೂ ಅಂಕಲ್‌ರ ಹೆಂಡತಿ ರೊಸಾಲಿನ್ ಆಂಟಿ ಬಿಡಲಿಲ್ಲ. ಸೋಮವಾರ ಹಾಲ್‌ನಲ್ಲಿ ಚಳಿ ಕಾಯಿಸುವ ಒಲೆಗೂಡು ಏಳಲಿದೆಯಂತೆ, ಚಿಮಣಿ ಸಮೇತ. (ಫ್ಯಾನು ಐದರಲ್ಲಿಟ್ಟರೂ ಬೆವರುವ ಮಂಗಳೂರಿನಲ್ಲಿ!) ಅದಕ್ಕೆ ಆರಿಸಿದ್ದು ದೇವರ ಆಲ್ತಾರ್ ಇರುವ ಗೋಡೆ, ಆಂಟಿ ದಿನಾ ಸಂಜೆ ಮೊಣಕಾಲೂರಿ ಜಪಮಾಲೆ ಹೇಳುವ ಜಾಗ.

"ದೇವರನ್ನು ಫ್ರಿಜ್ಜಿನ ಮೇಲೆ ಇಡುವ ಅಂತಾರೆ. ನೀನು ಹೇಳು ಮಾರಾಯ್ತಿ. ನಾನು ಹೇಳಿದ್ರೆ ಇವರ ಕಿವಿಯೂ ಆ ಕಿಟಕಿಯ ಹಾಗೆಯೇ."

ಬೇಡವೆಂದರೆ ಅಂಕಲ್ ಕೇಳುವವರಲ್ಲ. ಇತಿಹಾಸವನ್ನು ಇತಿಹಾಸದಿಂದಲೇ ತಡೆಯಬೇಕು.

"ಅಂಕಲ್, ಆ ಮನೆಯಲ್ಲಿ ಮುಚ್ಚಿದ ಕಿಟಕಿಯನ್ನು ಆಮೇಲೆ ಯಾರೂ ತೆರೆಯಲಿಲ್ಲವಾ?"

ಅಂಕಲ್ ಹಣೆಯ ಕಲೆ ಉಜ್ಜಿಕೊಂಡರು. ಅಲ್ಲಿ ತೆರೆದಿದ್ದರು. ಮರಿಮೊಮ್ಮಗನ ಹೆಂಡತಿ, ಸೆಕೆ ತಾಳಲಾರದೆ.

"ಹಾಗಾದ್ರೆ ನಿಮ್ಮಲ್ಲಿ ಒಂದು ತಲೆಮಾರು ಬಾಕಿ ಉಂಟು. ಅದನ್ನು ಬಿಟ್ಟು ಒಲೆಗೂಡಿಗೆ ಹೇಗೆ ಹೋಗ್ತೀರಿ?"

ಸೋಮವಾರ ಬಾಸಿತ್ ತಾನಿಟ್ಟ ಕಲ್ಲುಗಳನ್ನು ತಾನೇ ಕಿತ್ತ. ಒಲೆಗೂಡು ಮುಂದಿನ ಶತಮಾನಕ್ಕೆ ಹೋಯಿತು. ಆಲ್ತಾರ್ ಇದ್ದಲ್ಲೇ ಉಳಿಯಿತು. ಆಂಟಿ ಒಂದು ಪಾತ್ರೆ ತುಂಬ ಇಡ್ಲಿಯಂಥ ಮೆತ್ತನೆಯ ಸಾನ್ನ ಕಳಿಸಿದರು. ಶರೊನ್ ಅಂದಿನ ಡೈರಿಯಲ್ಲಿ ತನ್ನ ಚಾಣಾಕ್ಷತೆಯನ್ನು ಧಾರಾಳವಾಗಿ, ಮುಕ್ಕಾಲು ಪುಟ ಹೊಗಳಿಕೊಂಡಳು.

ಮರುದಿನ ಬಟ್ಟೆ ಒಣಗಿಸಲು ಹೋದರೆ ತೆರೆದ ಕಿಟಕಿಯಲ್ಲಿ ಅಂಕಲ್‌ರ ಮುಖ. ಕಿಟಕಿ ಸರಿಯಾಗಿ ಅವಳ ಹಗ್ಗದ ಎದುರಿಗೇ.

"ಶರೊನ್, ಒಂದು ಉಪಕಾರ ಆಗಬೇಕಿತ್ತು," ಎಂದರು ಬಹಳ ಸಂಕೋಚದಿಂದ. "ಅಲ್ಲಿಯ ಕಿಟಕಿಯಲ್ಲಿ ನೋಡಿದ್ರೆ ಹುಲ್ಲುಗಾವಲು ಕಾಣ್ತಿತ್ತು. ನಿನ್ನ ನೈಟಿಗಳನ್ನು ಹಿತ್ತಿಲಲ್ಲಿ ಒಣಗಿಸಿ, ಈ ಹಗ್ಗಕ್ಕೆ ಒಂದು ಕುರಿ ಕಟ್ಟಬಹುದಾ? ಕುರಿ ಸಿಗದಿದ್ರೆ ಆಡು ಸಾಕು."